ಕೈಪಟ್ಟಿಯ ಚಿಪ್ಪಿಗೆ ಬೀಗ ಹಾಕಿದರೆ ಸಾಕೇ?

ಡೊಂಬಿವಲಿಯ ಓದುಗರೊಬ್ಬರು ಕೇಳಿದ್ದಾರೆ: ‘ಎಂಬತ್ತು ದಾಟಿದ ತಂದೆಯವರಿಗೆ ಮನೆ ಶುಶ್ರೂಷೆಯ ಸಂಸ್ಥೆಯೊಂದು ಎನ್‌ಎಫ್‌ಸಿ (ಹತ್ತಿರ ತಂದ ಫೋನು ಓದಬಲ್ಲ) ಚಿಪ್ಪಿನ ಕೈಪಟ್ಟಿ ತೊಡಿಸಿದೆ. ನರ್ಸ್ ಅದಕ್ಕೆ ಫೋನ್ ತಾಗಿಸಿದರೆ ಬಿಪಿ, ಸಕ್ಕರೆ, ಕೊಟ್ಟ ಮಾತ್ರೆಯ ಲೆಕ್ಕವೆಲ್ಲ ಪುಣೆಯ ಡಾಕ್ಟರಿಗೆ ಹೋಗುತ್ತದೆ. ಲೋಕಲ್ ಟ್ರೈನಿನ ನೂಕುನುಗ್ಗಲಲ್ಲಿ ಯಾರಾದರೂ ಇದನ್ನು ಓದಬಹುದೇ? ಅಲ್ಯೂಮಿನಿಯಂ ಹಾಳೆ ಸುತ್ತಲೇ? ಚಿಪ್ಪನ್ನು ಲಾಕ್ ಮಾಡಿದ್ದೇವೆ ಎನ್ನುತ್ತಾರೆ ಸಂಸ್ಥೆಯವರು.’

ಹಾಳೆ ಬೇಡ. 13.56 ಮೆಗಾಹರ್ಟ್ಸ್‌ನ ಈ ಚಿಪ್ಪನ್ನು ಓದಲು ಫೋನು ಕೆಲವೇ ಸೆಂಟಿಮೀಟರ್ ಹತ್ತಿರ ಬರಬೇಕು. ನೂಕುನುಗ್ಗಲಲ್ಲಿ ಅದು ಅಸಾಧ್ಯವಲ್ಲ, ನಿಜ. ಆದರೆ ಹಾಳೆ ಸುತ್ತಿದರೆ ನರ್ಸಿನ ಫೋನಿಗೂ ಚಿಪ್ಪು ಸಿಗದು. ದಿನಾ ಬಿಚ್ಚಿ ಸುತ್ತುವ ಬೇಸರಕ್ಕೆ ಪಟ್ಟಿಯೇ ಕೈಬಿಟ್ಟು ಮೇಜು ಸೇರುತ್ತದೆ.

‘ಲಾಕ್’ ಎಂಬ ಮಾತನ್ನು ಮಾತ್ರ ಬಿಡಿಸಿ ಕೇಳಿ. ಸಾಮಾನ್ಯ ಲಾಕ್ ತಡೆಯುವುದು ಬರೆಯುವುದನ್ನು, ಓದುವುದನ್ನಲ್ಲ. ಅಗ್ಗದ ಎನ್‌ಟ್ಯಾಗ್ 213 ಚಿಪ್ಪಿನಲ್ಲಿ 144 ಬೈಟ್ ಜಾಗವಿದೆ, 32 ಬಿಟ್‌ನ ಪಾಸ್‌ವರ್ಡೂ ಇದೆ. ಆದರೆ ಓದುವುದಕ್ಕೂ ಪಾಸ್‌ವರ್ಡ್ ಬೇಕೆಂದು ಬೇರೆಯಾಗಿ ಹೊಂದಿಸದಿದ್ದರೆ ಒಳಗಿನದೆಲ್ಲ ಬಯಲು. ಆ ಪಾಸ್‌ವರ್ಡೂ ಗಾಳಿಯಲ್ಲಿ ಗುಪ್ತಲಿಪಿಯಿಲ್ಲದೆ ಹಾಗೇ ಹೋಗುತ್ತದೆ.

ನೀವೇ ನೋಡಿ: ಆಂಡ್ರಾಯ್ಡ್ ಫೋನಿನಲ್ಲಿ ಎನ್‌ಎಫ್‌ಸಿ ತೆರೆದು, ‘ಟ್ಯಾಗ್‌ಇನ್ಫೋ’ ಆ್ಯಪ್ ಹಾಕಿ ಪಟ್ಟಿಗೆ ತಾಗಿಸಿ. ಹೆಸರು, ವಿಳಾಸ, ಕಾಯಿಲೆ ಕಂಡರೆ ಇಂದೇ ಅಳಿಸಲು ಹೇಳಿ. ಚಿಪ್ಪಿನಲ್ಲಿರಬೇಕಾದ್ದು ಅರ್ಥವಿಲ್ಲದ ಒಂದು ಸಂಖ್ಯೆ ಮಾತ್ರ; ಅದು ಯಾರದೆಂದು ತಿಳಿಯಬೇಕಾದ್ದು ಸಂಸ್ಥೆಯ ಸರ್ವರ್ ಕಂಪ್ಯೂಟರಿಗೆ ಮಾತ್ರ, ಅದೂ ನರ್ಸ್ ಲಾಗಿನ್ ಆದ ಮೇಲೆ.

ನಮ್ಮನ್ನು ಹೆಚ್ಚು ಕಾಡುವುದು ಕದ್ದು ಓದುವುದಕ್ಕಿಂತ ನಕಲು. ಸಂಖ್ಯೆ ಎಂದೂ ಬದಲಾಗದಿದ್ದರೆ ಅದನ್ನು ಖಾಲಿ ಚಿಪ್ಪಿಗೆ ಇಳಿಸಿ, ನಿಮ್ಮ ಮನೆಗೆ ಬಾರದೆಯೇ ನರ್ಸ್ ‘ಭೇಟಿಯಾಯಿತು, ಮಾತ್ರೆ ಕೊಟ್ಟೆ’ ಎಂದು ದಾಖಲಿಸಬಹುದು. ಬಿಪಿ ಇಳಿಯದ್ದನ್ನು ಕಂಡ ಡಾಕ್ಟರು, ನುಂಗಿರದ ಮಾತ್ರೆಯನ್ನು ಲೆಕ್ಕಕ್ಕೆ ಹಿಡಿದು ಡೋಸ್ ಏರಿಸಬಹುದು. ಮುಂದೆ ಪೂರ್ತಿ ಡೋಸ್ ನಿಜವಾಗಿ ಹೊಟ್ಟೆ ಸೇರಿದ ದಿನ ವೃದ್ಧರು ತಲೆಸುತ್ತಿ ಬೀಳಬಹುದು. ಎನ್‌ಟ್ಯಾಗ್ 424 ಡಿಎನ್‌ಎಯಂಥ ಚಿಪ್ಪಿನಲ್ಲಿ ಎಇಎಸ್-128 ಎಂಬ ಗುಪ್ತಲಿಪಿಯ ರಹಸ್ಯ ಕೀಲಿಯಿದೆ. ಸರಿಯಾಗಿ ಹೊಂದಿಸಿದರೆ ಪ್ರತಿ ತಾಗಿಕೆಗೂ ಎಣಿಕೆ ಒಂದೊಂದು ಏರಿ ಹೊಸ ಸಹಿ (ಆ ಕೀಲಿಯಿಂದಲೇ ಹುಟ್ಟುವ ಸಂಕೇತ) ಬರುತ್ತದೆ, ಹಳೆಯದನ್ನು ಸರ್ವರ್ ತಿರಸ್ಕರಿಸಬೇಕು. ನಿಮ್ಮ ಸಂಸ್ಥೆಯನ್ನು ಕೇಳಬೇಕಾದ ಮೊದಲ ಪ್ರಶ್ನೆ ಇದು: ‘ಪ್ರತಿ ಸಲ ಹೊಸ ಸಹಿ ಬರುತ್ತದೆಯೇ, ಸರ್ವರ್ ಅದನ್ನು ಪರೀಕ್ಷಿಸುತ್ತದೆಯೇ?’ ಉತ್ತರ ಬರುವವರೆಗೆ ವಾರಕ್ಕೊಮ್ಮೆ ಉಳಿದ ಮಾತ್ರೆ ಎಣಿಸಿ ದಾಖಲೆಗೆ ಹೋಲಿಸಿ.

ಇನ್ನು ತುರ್ತಿನ ಮಾತು. ತಂದೆಯವರು ರಕ್ತ ಹೆಪ್ಪುಗಟ್ಟದಂತೆ ತಡೆಯುವ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಅದನ್ನು ಮುಚ್ಚಿಡಬೇಡಿ. ಮಾತ್ರೆಯ ಹೆಸರು, ಔಷಧದ ಅಲರ್ಜಿ, ನಿಮ್ಮ ಫೋನ್ ನಂಬರು, ಈ ಮೂರನ್ನು ಪಟ್ಟಿಯ ಮೇಲೆ ಅಕ್ಷರದಲ್ಲೇ ಮುದ್ರಿಸಿ. ಪ್ಲಾಟ್‌ಫಾರಂನಲ್ಲಿ ಕುಸಿದವರನ್ನು ಎತ್ತುವವರ ಬಳಿ ಆ್ಯಪ್ ಇರುವುದಿಲ್ಲ.

ಪಟ್ಟಿ ಕಳೆದರೆ ಅದೇ ದಿನ ಸಂಖ್ಯೆಯನ್ನು ರದ್ದು ಮಾಡಿಸಿ. ಹಳೆಯದನ್ನು ಎಸೆಯುವ ಮುನ್ನ ಚಿಪ್ಪಿನ ನಡುವೆಯೇ ಕತ್ತರಿ ಆಡಿಸಿ.