ಹಸಿರು ವಿದ್ಯುತ್ ಕೊಂಡರೂ ಕಂಪನಿಯ ಕಾರ್ಬನ್ ಏರಿದ್ದು ಹೇಗೆ?

ಪ್ರಶ್ನೆ: ನಾನು ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಎಂಜಿನಿಯರ್. 2030ರ ಹೊತ್ತಿಗೆ ತಾನು ಬಿಡುವುದಕ್ಕಿಂತ ಜಾಸ್ತಿ ಕಾರ್ಬನ್ನನ್ನು ಗಾಳಿಯಿಂದ ತೆಗೆಯುತ್ತೇನೆ ಎಂದು ಮೈಕ್ರೋಸಾಫ್ಟ್ 2020ರಲ್ಲಿ ಹೇಳಿತ್ತು. 2024ರ ವರದಿ ನೋಡಿದರೆ ಅದರ ಕಾರ್ಬನ್ 2020ಕ್ಕಿಂತ ಶೇ 29ರಷ್ಟು ಏರಿದೆ! ಅಷ್ಟೊಂದು ಹಸಿರು ವಿದ್ಯುತ್ ಕೊಳ್ಳುವ ಕಂಪನಿಯಲ್ಲಿ ಇದು ಹೇಗೆ ಸಾಧ್ಯ? ಸುಳ್ಳು ಹೇಳ್ತಿದ್ದಾರಾ?

ಉತ್ತರ: ಸುಳ್ಳಲ್ಲ. ಏರಿಕೆಯ ಅಂಕಿಯನ್ನು ಕಂಪನಿಯೇ ಪ್ರಕಟಿಸಿದೆ. ಗೊಂದಲ ಇರುವುದು ಲೆಕ್ಕ ಹಾಕುವ ರೀತಿಯಲ್ಲಿ.

ಕಾರ್ಬನ್ ಲೆಕ್ಕದಲ್ಲಿ ಮೂರು ಭಾಗಗಳಿವೆ. ಕಂಪನಿ ತಾನೇ ಸುಡುವ ಡೀಸೆಲ್, ಗ್ಯಾಸ್ ಸ್ಕೋಪ್ 1. ಕೊಂಡುಕೊಳ್ಳುವ ವಿದ್ಯುತ್ ಸ್ಕೋಪ್ 2. ಉಳಿದದ್ದೆಲ್ಲ ಸ್ಕೋಪ್ 3. ಕಟ್ಟಡದ ಸಾಮಾನು, ಸರ್ವರ್, ವಿಮಾನ ಪ್ರಯಾಣ, ಕೊನೆಗೆ ಗ್ರಾಹಕರು ಆ ಕಂಪನಿಯ ಸಾಧನಕ್ಕೆ ಬಳಸುವ ಕರೆಂಟ್ ಕೂಡ ಇದರಲ್ಲೇ ಬರುತ್ತದೆ. ಮೈಕ್ರೋಸಾಫ್ಟ್‌ನಲ್ಲಿ 2020ರಿಂದ 2023ರವರೆಗೆ ಮೊದಲ ಎರಡು ಭಾಗ ಸೇರಿ ಸುಮಾರು ಶೇ 6ರಷ್ಟು ಇಳಿದವು. ಮೂರನೆಯದು ಸುಮಾರು ಶೇ 31ರಷ್ಟು ಏರಿತು. ಒಟ್ಟು ಲೆಕ್ಕದಲ್ಲಿ ಶೇ 96ಕ್ಕಿಂತ ಜಾಸ್ತಿ ಪಾಲು ಆ ಮೂರನೆಯದ್ದೇ. 2030ಕ್ಕೆ ಅರ್ಧಕ್ಕಿಂತ ಹೆಚ್ಚು ಇಳಿಸುತ್ತೇವೆ ಎಂದು ಕಂಪನಿ ಮಾತು ಕೊಟ್ಟಿದ್ದೂ ಅದನ್ನೇ.

ಏರಿಕೆಗೆ ಮುಖ್ಯ ಕಾರಣ ಡೇಟಾ ಸೆಂಟರ್‌ಗಳ ನಿರ್ಮಾಣ. ಎಐ ಓಟ ಶುರುವಾದ ಮೇಲೆ ಕಾಂಕ್ರೀಟ್, ಉಕ್ಕು, ಚಿಪ್ ಎಲ್ಲವೂ ರಾಶಿಗಟ್ಟಲೆ ಬೇಕು. ಸಿಮೆಂಟನ್ನೇ ನೋಡಿ. ಅದನ್ನು ಮಾಡಲು ಸುಣ್ಣದ ಕಲ್ಲನ್ನು ಕಾಯಿಸಿದಾಗ ಕಲ್ಲಿನೊಳಗಿನ ಕಾರ್ಬನ್ ಡೈಆಕ್ಸೈಡ್ ಬಿಟ್ಟುಕೊಂಡು ಮೇಲೇಳುತ್ತದೆ. ಹಳ್ಳಿಯ ಸುಣ್ಣದ ಗೂಡಿನಲ್ಲಿ ನಡೆಯುವುದೂ ಇದೇ. ಸಿಮೆಂಟಿನ ಕಾರ್ಬನ್‌ನಲ್ಲಿ ಅರ್ಧಕ್ಕಿಂತ ಜಾಸ್ತಿ ಬರುವುದು ಕಲ್ಲಿನಿಂದಲೇ, ಉರಿಸುವ ಇಂಧನದಿಂದಲ್ಲ. ಹಾಗಾಗಿ ಗೂಡಿಗೆ ಸೋಲಾರ್ ಕರೆಂಟ್ ಕೊಟ್ಟರೂ ಅದು ನಿಲ್ಲುವುದಿಲ್ಲ. ಇದಕ್ಕಾಗಿಯೇ ಮೈಕ್ರೋಸಾಫ್ಟ್ ಅಮೆರಿಕದ ಉತ್ತರ ವರ್ಜೀನಿಯಾದಲ್ಲಿ ಅಂಟಿಸಿದ ಮರದ ಹಲಗೆಗಳನ್ನೂ ಬಳಸಿ ಡೇಟಾ ಸೆಂಟರ್ ಕಟ್ಟಲು ಹೊರಟಿದೆ. ಚಿಪ್‌ಗಳದ್ದು ಇನ್ನೊಂದು ಕಥೆ. ಅವು ಹೆಚ್ಚಾಗಿ ತಯಾರಾಗುವ ತೈವಾನ್‌ನಲ್ಲಿ ವಿದ್ಯುತ್ ಬಹುಪಾಲು ಕಲ್ಲಿದ್ದಲು, ಗ್ಯಾಸ್‌ನಿಂದ ಬರುತ್ತದೆ.

ಇನ್ನು ಹಸಿರು ವಿದ್ಯುತ್. ವರದಿಯ ಜೊತೆ ಕೊಡುವ ಅಂಕಿಅಂಶದ ಕೋಷ್ಟಕ ತೆರೆಯಿರಿ. ಸ್ಕೋಪ್ 2ಕ್ಕೆ ಎರಡು ಸಾಲು ಇರುತ್ತವೆ. ಡೇಟಾ ಸೆಂಟರ್ ಇರುವ ಊರಿನ ಗ್ರಿಡ್‌ನಲ್ಲಿ ನಿಜಕ್ಕೂ ಏನು ಉರಿಯುತ್ತಿದೆ ಎಂಬ ಲೆಕ್ಕ ಒಂದು ಸಾಲಿನಲ್ಲಿ. ಕಂಪನಿ ಮಾಡಿಕೊಂಡ ಸೋಲಾರ್, ಗಾಳಿ ವಿದ್ಯುತ್ ಒಪ್ಪಂದಗಳನ್ನು ಕಳೆದು ಬರುವ ಲೆಕ್ಕ ಇನ್ನೊಂದರಲ್ಲಿ. ಮೈಕ್ರೋಸಾಫ್ಟ್‌ನ 2023ರ ಆರ್ಥಿಕ ವರ್ಷದಲ್ಲಿ ಮೊದಲನೆಯದು ಸುಮಾರು 80 ಲಕ್ಷ ಟನ್. ಎರಡನೆಯದು 4 ಲಕ್ಷ ಟನ್ನಿಗೂ ಕಡಿಮೆ. ಜಾಹೀರಾತಿಗೆ ಹೋಗುವುದು ಯಾವುದು ಅಂತ ನೀವೇ ಊಹಿಸಬಹುದು.

ಒಪ್ಪಂದಗಳು ಸುಮ್ನೆ ಕಾಗದ ಅಂತ ನಾನು ಹೇಳುವುದಿಲ್ಲ. ಅವುಗಳ ಬಲದಿಂದಲೇ ಹೊಸ ಸೋಲಾರ್ ಪಾರ್ಕ್‌ಗಳು ಎದ್ದಿವೆ. ಆದರೆ ವರ್ಷದ ಒಟ್ಟು ಯೂನಿಟ್ ತಾಳೆಯಾದರೆ ಸಾಕು ಎಂಬ ಲೆಕ್ಕದಲ್ಲಿ ಮಧ್ಯಾಹ್ನದ ಬಿಸಿಲು ಮಧ್ಯರಾತ್ರಿಯ ಬಳಕೆಯನ್ನು ಮುಚ್ಚಿಬಿಡುತ್ತದೆ. ರಾತ್ರಿ ಆ ಸರ್ವರ್ ಓಡುವುದು ಗ್ರಿಡ್‌ನಲ್ಲಿ ಆಗ ಇರುವ ಕರೆಂಟಿನಲ್ಲೇ ಅಲ್ವಾ? ದಿನದ ಪ್ರತಿ ಗಂಟೆಗೂ ತಾಳೆ ನೋಡುವ ಗುರಿಯನ್ನು ಗೂಗಲ್ 2030ಕ್ಕೆ ಇಟ್ಟುಕೊಂಡಿದೆ. ನನ್ನ ಪ್ರಕಾರ ಇದೇ ಪ್ರಾಮಾಣಿಕ ಅಳತೆ.

2025ರ ವರದಿಯಲ್ಲಿ ಮೈಕ್ರೋಸಾಫ್ಟ್‌ನ ಏರಿಕೆ ಶೇ 23.4ಕ್ಕೆ ಬಂದಿದೆ. ಆದರೂ 2020ಕ್ಕಿಂತ ಮೇಲೆಯೇ.

ಪ್ರಶ್ನೆ: ನಮ್ಮ ಕಂಪನಿ ಪ್ರತಿ ವರ್ಷ ಗಿಡ ನೆಡಿಸುತ್ತದೆ, ಕಾರ್ಬನ್ ಕ್ರೆಡಿಟ್ ಕೊಳ್ಳುತ್ತದೆ. ಇಷ್ಟು ಸಾಕಲ್ವಾ ಸರ್?

ಉತ್ತರ: ಗಿಡ ನೆಡಲಿ, ಕ್ರೆಡಿಟ್ ಕೊಳ್ಳಲಿ (ಅಂದರೆ ಬೇರೆಯವರು ತೆಗೆದ ಅಥವಾ ತಗ್ಗಿಸಿದ ಕಾರ್ಬನ್ನಿನ ಲೆಕ್ಕವನ್ನು ದುಡ್ಡು ಕೊಟ್ಟು ಪಡೆಯಲಿ), ಬೇಡ ಅನ್ನುವುದಿಲ್ಲ. ಆದರೆ ಪ್ರಮಾಣ ನೋಡಬೇಕು. 2025ರ ಜನವರಿಯಲ್ಲಿ ಗೂಗಲ್ ಭಾರತದ ವರಾಹ ಎಂಬ ಕಂಪನಿಯಿಂದ ಇಂಥ ಕ್ರೆಡಿಟ್ ಕೊಳ್ಳುವ ಒಪ್ಪಂದ ಮಾಡಿಕೊಂಡಿತು. ಗುಜರಾತಿನಲ್ಲಿ ಹಬ್ಬಿರುವ ಬಳ್ಳಾರಿ ಜಾಲಿಯನ್ನು ಕಡಿದು, ಗಾಳಿಯಾಡದ ಹಾಗೆ ಕಾಯಿಸಿ ಇದ್ದಿಲು ಮಾಡಿ, ಮಣ್ಣಿಗೆ ಸೇರಿಸುವ ಕೆಲಸ. ಹೀಗೆ ಮಾಡಿದರೆ ಮರದ ಕಾರ್ಬನ್ ಬೇಗ ಗಾಳಿಗೆ ಮರಳುವುದಿಲ್ಲ. ನನಗೆ ಇಷ್ಟವಾದ ಯೋಜನೆ ಇದು. ಕಾಡುವ ಜಾಲಿಯೂ ಕಡಿಮೆಯಾಗುತ್ತದೆ, ಹೊಲಕ್ಕೂ ಒಳ್ಳೆಯದು. ಆದರೆ 2030ರವರೆಗೆ ಒಟ್ಟು ಗುರಿ 1 ಲಕ್ಷ ಟನ್. ಗೂಗಲ್ 2023ರ ಒಂದೇ ವರ್ಷದಲ್ಲಿ ಬಿಟ್ಟಿದ್ದು 1 ಕೋಟಿ 43 ಲಕ್ಷ ಟನ್. ಅದರ ಶೇ 1ರಷ್ಟೂ ಆಗಲಿಲ್ಲ.

ನಿಮ್ಮ ಕಂಪನಿ ಷೇರುಪೇಟೆಯ ಮೊದಲ 1000 ಕಂಪನಿಗಳಲ್ಲಿ ಇದ್ದರೆ ಒಂದು ಕೆಲಸ ಮಾಡಿ. 2022–23ರಿಂದ ಷೇರುಪೇಟೆ ನಿಯಂತ್ರಕ ಸೆಬಿ ಕಡ್ಡಾಯ ಮಾಡಿರುವ ಬಿಆರ್‌ಎಸ್‌ಆರ್ ವರದಿ (ಕಂಪನಿಯ ಹೊಣೆಗಾರಿಕೆ, ಸುಸ್ಥಿರತೆಯ ವಾರ್ಷಿಕ ವರದಿ) ತೆಗೆಯಿರಿ. ಪರಿಸರದ ವಿಷಯ ಅದರ 6ನೇ ತತ್ವದಲ್ಲಿದೆ. ಸ್ಕೋಪ್ 1, 2 ಅಲ್ಲಿ ಇದ್ದೇ ಇರುತ್ತವೆ. ಸ್ಕೋಪ್ 3 ಮಾತ್ರ ಐಚ್ಛಿಕ ಭಾಗದಲ್ಲಿ ಇಟ್ಟಿದ್ದಾರೆ. ಆ ಜಾಗ ತುಂಬಿದ್ದರೆ ಹಿಂದಿನ ವರ್ಷದ ಅಂಕಿಯ ಜೊತೆ ಹೋಲಿಸಿ. ಖಾಲಿ ಇದ್ದರೆ, ಯಾಕೆ ಖಾಲಿ ಎಂದು ಮುಂದಿನ ಟೌನ್‌ಹಾಲ್ ಮೀಟಿಂಗ್‌ನಲ್ಲಿ ಕೇಳಿ.