ಹೊಡೆದರೆಂಬ ಸುದ್ದಿ, ಬಾಯಿಬಿಟ್ಟನೆಂಬ ಸುದ್ದಿ

ಓದುಗರ ಪತ್ರದ ಸಾರ: ಕೋರ್ಟಿಗೆ ಬಂದಾಕ್ಷಣ 'ಪೊಲೀಸರು ಹೊಡೆದು ಒಪ್ಪಿಸಿದರು' ಎನ್ನುವುದು ವಕೀಲರು ಹೇಳಿಕೊಟ್ಟ ಪಾಠ. ಆರೋಪಿ ತೋರಿಸಿದ ಜಾಗದಲ್ಲೇ ಚಾಕು ಸಿಕ್ಕಿರುತ್ತದೆ, ಮೊದಲ ಹಾಜರಿಯಲ್ಲಿ ಅವನು ಮ್ಯಾಜಿಸ್ಟ್ರೇಟರಿಗೆ ಏನೂ ಹೇಳಿರುವುದಿಲ್ಲ. ಆದರೂ ಪತ್ರಿಕೆಗಳು ಹೊಡೆತದ ಮಾತನ್ನೇ ದೊಡ್ಡದು ಮಾಡುತ್ತವೆ. ಇಂಥ ವರದಿಗಳನ್ನು ಏಕೆ ನಂಬಬೇಕು?

ಸಂಪಾದಕರ ಉತ್ತರ:

ನಂಬಬೇಕಿಲ್ಲ. ವಕೀಲರ ಮಾತನ್ನಷ್ಟೇ ಹಿಡಿದು ಬರೆದದ್ದು ಅರೆಬರೆ ವರದಿ. ಆದರೆ ನಿಮ್ಮ ಅನುಮಾನ ತಡವಾಗಿ ಎದ್ದಿದೆ. 'ವಿಚಾರಣೆ ವೇಳೆ ಆರೋಪಿ ತಪ್ಪೊಪ್ಪಿಕೊಂಡಿದ್ದಾನೆ' ಎಂದು ಮೊದಲ ದಿನ ಅಚ್ಚಾದಾಗ ಯಾರೂ ನಮಗೆ ಪತ್ರ ಬರೆಯುವುದಿಲ್ಲ. ಪೊಲೀಸ್ ಅಧಿಕಾರಿಯ ಮುಂದಿನ ತಪ್ಪೊಪ್ಪಿಗೆಯನ್ನು ಆರೋಪಿಯ ವಿರುದ್ಧ ಬಳಸುವಂತಿಲ್ಲ ಎಂದು 1872ರ ಸಾಕ್ಷ್ಯ ಕಾಯ್ದೆಯ 25ನೇ ಕಲಮೇ ಹೇಳಿತ್ತು. ಆ ಕಾಯ್ದೆಯ ಬದಲಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲಿ ಈಗ ಅದು 23ನೇ ಕಲಂ. ನ್ಯಾಯಾಲಯ ಹೊಸ್ತಿಲು ದಾಟಗೊಡದ ಮಾತಿಗೆ ಮುಖಪುಟದಲ್ಲಿ ಮಣೆ ಹಾಕುತ್ತೇವೆ.

2017ರ ಸೆಪ್ಟೆಂಬರಿನಲ್ಲಿ ಗುರುಗ್ರಾಮದ ಶಾಲೆಯೊಂದರಲ್ಲಿ ಬಾಲಕನ ಕೊಲೆಯಾದಾಗ ಬಸ್ ಕಂಡಕ್ಟರ್ ಟಿವಿ ಕ್ಯಾಮೆರಾಗಳ ಮುಂದೆಯೇ ಒಪ್ಪಿಕೊಂಡಿದ್ದ. ಸಿಬಿಐಗೆ ಅವನ ವಿರುದ್ಧ ಪುರಾವೆ ಸಿಗಲಿಲ್ಲ. 2018ರಲ್ಲಿ ನ್ಯಾಯಾಲಯ ಅವನನ್ನು ಪ್ರಕರಣದಿಂದ ಕೈಬಿಟ್ಟಿತು.

'ಆರೋಪಿ ತೋರಿಸಿದ ಜಾಗದಲ್ಲೇ ಚಾಕು ಸಿಕ್ಕಿತಲ್ಲ' ಎನ್ನುತ್ತೀರಿ. ಅಲ್ಲಿ ಒಂದು ವಿನಾಯಿತಿ ಇದೆ, ಆದರೆ ಬಹಳ ಕಿರಿದು. ಪುಲುಕುರಿ ಕೊಟ್ಟಯ್ಯ ಪ್ರಕರಣದಲ್ಲಿ ಪ್ರಿವಿ ಕೌನ್ಸಿಲ್ (ಬ್ರಿಟಿಷರ ಕಾಲದ ಅಂತಿಮ ಮೇಲ್ಮನವಿ ನ್ಯಾಯಪೀಠ) ಗೆರೆ ಎಳೆದಿದೆ: 'ಚಾಕುವನ್ನು ಅಲ್ಲಿ ಬಚ್ಚಿಟ್ಟಿದ್ದೇನೆ' ಎಂಬಷ್ಟು ಸಲ್ಲುತ್ತದೆ, 'ಅದರಿಂದ ಇರಿದೆ' ಎಂಬುದು ಸಲ್ಲದು. ಜಾಗ ಯಾರು ಬೇಕಾದರೂ ಓಡಾಡುವಂಥದ್ದಾಗಿದ್ದರೆ, ಮಹಜರಿಗೆ ಸಹಿ ಹಾಕಿದ ಪಂಚರು (ಸಾಕ್ಷಿಗಳು) ಹತ್ತು ಕೇಸುಗಳಲ್ಲಿ ಕಾಣುವ ಅದೇ ಮುಖಗಳಾಗಿದ್ದರೆ, ಆ ಚಾಕುವಿಗೆ ಬೆಲೆ ಕಡಿಮೆ.

ಇನ್ನು ಹೊಡೆತದ ಆರೋಪ. ಇದನ್ನು ಪರೀಕ್ಷಿಸಲು ಕಾಗದಗಳಿವೆ. ಸುಪ್ರೀಂ ಕೋರ್ಟಿನ ಡಿ.ಕೆ. ಬಸು ತೀರ್ಪಿನ (1996) ಪ್ರಕಾರ ಬಂಧನದ ಮೆಮೊದಲ್ಲಿ ಸಮಯ, ದಿನಾಂಕ, ಸಾಕ್ಷಿಯ ಸಹಿ ಇರಬೇಕು. ಕಸ್ಟಡಿಯಲ್ಲಿ ಪ್ರತಿ 48 ಗಂಟೆಗೊಮ್ಮೆ ವೈದ್ಯರು ನೋಡಬೇಕು. ಮೆಮೊದ ಸಮಯಕ್ಕೂ ಮನೆಯವರು 'ಕರೆದೊಯ್ದರು' ಎನ್ನುವ ಸಮಯಕ್ಕೂ ಅಂತರವಿದ್ದರೆ ಅಲ್ಲೇ ಅಗೆಯಬೇಕು. ಏಟುಗಳು ಬೀಳುವುದು ಹೆಚ್ಚಾಗಿ ಆ ಲೆಕ್ಕಕ್ಕೆ ಸಿಗದ ಹೊತ್ತಿನಲ್ಲಿ.

'ಹೊರಗಾಯಗಳಿಲ್ಲ' ಎಂಬ ವೈದ್ಯಕೀಯ ವರದಿ ಎಲ್ಲವನ್ನೂ ಮುಗಿಸುವುದಿಲ್ಲ. ಅಂಗಿ ಬಿಚ್ಚಿಸದೆ, ಪೊಲೀಸರು ಪಕ್ಕದಲ್ಲೇ ನಿಂತಿರುವಾಗ ಬರೆದದ್ದೂ ಅದೇ ವಾಕ್ಯ. ಅಂಗಾಲಿನ ಹೊಡೆತ ಹೊರಗೆ ಹೆಚ್ಚೇನೂ ತೋರದು. ಆಳದ ಪೆಟ್ಟಿನ ಕಂದಿದ ಗುರುತು ಎರಡನೇ ದಿನ ಮೇಲೆ ಬರಬಹುದು. ಗುರುತಿನಲ್ಲಿ ಹಳದಿ ಬಣ್ಣ ಕಂಡರೆ ಸಾಮಾನ್ಯವಾಗಿ 18 ಗಂಟೆಯಾದರೂ ಕಳೆದಿದೆ ಎನ್ನಬಹುದು, ಅದಕ್ಕಿಂತ ನಿಖರವಾಗಿ ಬಣ್ಣ ನೋಡಿ ದಿನ ಹೇಳಲಾಗದು. ಬಣ್ಣ ನೋಡಿ ದಿನವನ್ನೇ ಹೇಳುವ 'ತಜ್ಞರ' ಸುದ್ದಿಯನ್ನೂ ಅನುಮಾನಿಸಿ.

ಮೊದಲ ಹಾಜರಿಯಲ್ಲಿ ಆರೋಪಿ ಮ್ಯಾಜಿಸ್ಟ್ರೇಟರಿಗೆ ಏನೂ ಹೇಳಲಿಲ್ಲ ಎಂಬ ನಿಮ್ಮ ವಾದಕ್ಕೆ ತೂಕವಿದೆ, ವರದಿಗಾರ ಇದನ್ನು ಕೇಳಲೇಬೇಕು. ಆದರೆ ಪೊಲೀಸ್ ಕಸ್ಟಡಿ ಮುಂದುವರಿದರೆ ಅವನು ಮರಳುವುದು ಅದೇ ಠಾಣೆಗೆ.

ಕೊನೆಯದಾಗಿ ಸಿಸಿಟಿವಿ. ಸುಪ್ರೀಂ ಕೋರ್ಟಿನ 2020ರ ಪರಮ್‌ವೀರ್ ಸಿಂಗ್ ಸೈನಿ ತೀರ್ಪು ಲಾಕಪ್, ಕಾರಿಡಾರ್, ಇನ್‌ಸ್ಪೆಕ್ಟರ್ ಕೋಣೆಗಳಲ್ಲೂ ಕ್ಯಾಮೆರಾ ಕೇಳುತ್ತದೆ. ದೃಶ್ಯಗಳನ್ನು 18 ತಿಂಗಳು, ಅದಾಗದಿದ್ದರೆ ಕನಿಷ್ಠ ಒಂದು ವರ್ಷ ಉಳಿಸಬೇಕು. 'ಆ ದಿನ ಕೆಟ್ಟಿತ್ತು' ಎಂಬ ಉತ್ತರ ಬಂದರೆ ವರದಿಗಾರ ಅಲ್ಲಿಗೆ ನಿಲ್ಲಬಾರದು. ಕೆಟ್ಟದ್ದನ್ನು ಮೇಲಿನವರಿಗೆ ತಿಳಿಸುವುದು ಠಾಣಾಧಿಕಾರಿಯ ಹೊಣೆ. ಹಾಗೆ ತಿಳಿಸಿದ ಪತ್ರದ ದಿನಾಂಕ ಕೇಳಬೇಕು.