ಸಂಪಾದಕರ ಉತ್ತರ: ಜನ ಇದ್ದಲ್ಲೆಲ್ಲ ಗಡಿ ಎಳೆಯಬಹುದೇ?

ಓದುಗರ ಪತ್ರ: "ಕಳೆದ ಸಂಚಿಕೆಯ ಉಕ್ರೇನ್ ಲೇಖನದಲ್ಲಿ ಗಲಿಷಿಯಾ, ಬುಕೊವಿನಾ, ಸ್ಲೊಬೊಡ ಅಂತೆಲ್ಲ ಹೆಸರುಗಳಿವೆ. ನನ್ನ ಅಟ್ಲಾಸ್‌ನಲ್ಲಿ ಹುಡುಕಿದೆ, ಸಿಗಲಿಲ್ಲ. ರಷ್ಯಾದೊಳಗಿನ ಕುಬಾನ್ ಕೂಡ ಉಕ್ರೇನಿಯನ್ನರು ನೆಲೆಸಿದ ಸೀಮೆ ಅಂತ ಬರೆದಿದ್ದೀರಿ. ಹಾಗಾದರೆ ಉಕ್ರೇನ್ ಎಲ್ಲಿಂದ ಎಲ್ಲಿಯವರೆಗೆ? ನನ್ನ ಅಕ್ಕನ ಮೊಮ್ಮಗ ಉಜ್ಹೊರೊಡ್‌ನಲ್ಲಿ ಮೆಡಿಕಲ್ ಓದುತ್ತಿದ್ದ, 2022ರಲ್ಲಿ ವಾಪಸ್ ಬಂದ. ಅಲ್ಲಿಯವರ ರೀತಿಯೇ ಬೇರೆ ಅನ್ನುತ್ತಾನೆ. ಈ ಸೀಮೆಗಳಿಗೆಲ್ಲ ಗಡಿ ಹಾಕಿ ಒಂದು ನಕ್ಷೆ ಕೊಡಿ." (ನಿವೃತ್ತ ಭೂಗೋಳ ಶಿಕ್ಷಕರು, ಶಿರಸಿ)

ಮೇಷ್ಟ್ರೇ, ನಮಸ್ಕಾರ.

ನಿಮ್ಮ ಅಟ್ಲಾಸ್‌ನಲ್ಲಿ ತಪ್ಪೇನೂ ಇಲ್ಲ. ಇವತ್ತಿನ ಉಕ್ರೇನ್‌ನಲ್ಲಿ 24 ಒಬ್ಲಾಸ್ಟ್‌ಗಳಿವೆ, ಅಂದರೆ ಪ್ರಾಂತ್ಯಗಳು, ಜೊತೆಗೆ ಕ್ರಿಮಿಯಾ, ಕೀವ್ ಮತ್ತು ಸೆವಾಸ್ತೊಪೋಲ್. ಸೋವಿಯತ್ ಕಾಲದಲ್ಲಿ ಈ ವಿಭಾಗ ಮಾಡಿದಾಗ ಹೆಚ್ಚಿನವಕ್ಕೆ ಆಯಾ ಮುಖ್ಯ ಪಟ್ಟಣದ ಹೆಸರನ್ನೇ ಇಟ್ಟರು. ವೊಲಿನ್, ಜಕರ್ಪಾತ್ಯಾದಂಥ ಹಳೇ ಸೀಮೆಯ ಹೆಸರು ಉಳಿದದ್ದು ಅಪರೂಪ. ಗಲಿಷಿಯಾ ಈಗ ಲ್ವಿವ್, ತೆರ್ನೋಪಿಲ್, ಇವಾನೊ-ಫ್ರಾಂಕಿವ್ಸ್ಕ್ ಅಂತ ಮೂರು ಒಬ್ಲಾಸ್ಟ್ ಆಗಿದೆ. ಆದರೆ ಜನರ ಬಾಯಲ್ಲಿ ಹಳೇ ಹೆಸರೇ ಓಡಾಡುತ್ತದೆ.

ಮೊದಲು ನಿಮ್ಮ ಹುಡುಗ ಓದಿದ ಊರಿಗೆ ಹೋಗೋಣ. ಉಜ್ಹೊರೊಡ್ ಇರುವುದು ಜಕರ್ಪಾತ್ಯಾದಲ್ಲಿ, ಅಂದರೆ ಕಾರ್ಪಾಥಿಯನ್ ಬೆಟ್ಟಸಾಲಿನ ಆಚೆ ಮಗ್ಗುಲಲ್ಲಿ. ಊರಿನ ಅಂಚಿಗೇ ಸ್ಲೊವಾಕಿಯಾದ ಗಡಿ. ನೂರಾರು ವರ್ಷ ಇದು ಹಂಗೇರಿಯ ಕೈಯಲ್ಲಿತ್ತು. ಮೊದಲ ಮಹಾಯುದ್ಧ ಮುಗಿದ ಮೇಲೆ ಚೆಕೊಸ್ಲೊವಾಕಿಯಾಕ್ಕೆ ಸೇರಿತು. 1939ರ ಮಾರ್ಚ್ 15ರಂದು ಖುಸ್ತ್ ಎಂಬ ಸಣ್ಣ ಪಟ್ಟಣದಲ್ಲಿ ಸ್ಥಳೀಯ ಶಾಸನಸಭೆ ಸೇರಿ ಕಾರ್ಪಾಥೋ-ಉಕ್ರೇನ್ ಸ್ವತಂತ್ರ ಅಂತ ಘೋಷಿಸಿತು. ಅವ್ಗುಸ್ತಿನ್ ವೊಲೋಶಿನ್ ಎಂಬ ಪಾದ್ರಿ ಅಧ್ಯಕ್ಷರಾದರು. ಹಂಗೇರಿಯ ಸೈನ್ಯ ಆಗಲೇ ಒಳಗೆ ನುಗ್ಗುತ್ತಿತ್ತು. ದೇಶ ಬಾಳಿದ್ದು ಒಂದು ದಿನ ಅಂದರೂ ನಡೆಯುತ್ತದೆ. ವೊಲೋಶಿನ್ 1945ರಲ್ಲಿ ಮಾಸ್ಕೋದ ಜೈಲಿನಲ್ಲಿ ತೀರಿಕೊಂಡರು. ಅದೇ ವರ್ಷ ಆ ಸೀಮೆ ಸೋವಿಯತ್ ಒಕ್ಕೂಟಕ್ಕೆ ಹೋಯಿತು.

ಹುಟ್ಟಿದ ಊರು ಬಿಟ್ಟು ಕದಲದೇ ನಾಲ್ಕೈದು ದೇಶಗಳ ಪ್ರಜೆಯಾದ ಅಜ್ಜಂದಿರು ಅಲ್ಲಿ ಬೇಕಾದಷ್ಟು ಜನ ಇದ್ದರು. ಕೆಲವರು ತಮ್ಮನ್ನು ಉಕ್ರೇನಿಯನ್ ಅನ್ನುತ್ತಾರೆ, ಕೆಲವರು ರೂಸಿನ್ ಅನ್ನುತ್ತಾರೆ. ಹಂಗೇರಿಯನ್ ಮಾತಾಡುವ ಹಳ್ಳಿಗಳೂ ಇವೆ. ಅಲ್ಲಿ ಇನ್ನೊಂದು ತಮಾಷೆ ಇದೆ. ಸುಮಾರು ಜನ ಕೀವ್ ಸಮಯಕ್ಕಿಂತ ಒಂದು ಗಂಟೆ ಹಿಂದಿರುವ 'ನಮ್ಮೂರ ಟೈಮ್' ಹೇಳುತ್ತಾರೆ. ಬಸ್ಸಿಗೆ ಹೋಗುವಾಗ ಯಾವ ಟೈಮ್ ಅಂತ ಕೇಳಿಕೊಳ್ಳಬೇಕು. ನಿಮ್ಮ ಹುಡುಗನನ್ನು ಕೇಳಿ, ಅವನಿಗೆ ಗೊತ್ತಿರುತ್ತದೆ.

2022ರಲ್ಲಿ ನಮ್ಮ ವಿದ್ಯಾರ್ಥಿಗಳು ಹೊರಬಂದ ದಾರಿಗಳನ್ನೇ ನೋಡಿ. ಲ್ವಿವ್ ಮೂಲಕ ಪೋಲೆಂಡಿಗೆ ಹೋದವರು ಗಲಿಷಿಯಾ ದಾಟಿದರು. ಚೆರ್ನಿವ್ಟ್ಸಿ ಮೂಲಕ ರೊಮೇನಿಯಾಕ್ಕೆ ಹೋದವರು ಬುಕೊವಿನಾ ದಾಟಿದರು. ಹಂಗೇರಿಗೆ ಹೋದವರು ಜಕರ್ಪಾತ್ಯಾ ದಾಟಿದರು. ಆ ಮೂರು ಸೀಮೆಗಳೂ ಒಂದು ಕಾಲದಲ್ಲಿ ವಿಯೆನ್ನಾದ ಚಕ್ರವರ್ತಿಯ ಕೈಕೆಳಗಿದ್ದವು; ಹಂಗೇರಿಯೂ ಆಗ ಅವನ ಕೈಕೆಳಗೇ ಇತ್ತು. ಪೂರ್ವದ ಸ್ಲೊಬೊಡ ಸೀಮೆಯ ಖಾರ್ಕಿವ್‌ನಿಂದ ಹೊರಟ ಮಕ್ಕಳು ಮಾತ್ರ ಇಡೀ ದೇಶ ಹಾಯ್ದು ಅಲ್ಲಿಗೆ ಬರಬೇಕಾಯಿತು.

ಯಾರ ಆಳ್ವಿಕೆ ಅನ್ನುವುದರಿಂದ ಏನು ವ್ಯತ್ಯಾಸ ಅಂತೀರಾ? ಬಹಳ ಇದೆ. 1772ರಲ್ಲಿ ಪೋಲೆಂಡನ್ನು ಹಂಚಿಕೊಂಡಾಗ ಗಲಿಷಿಯಾ ಆಸ್ಟ್ರಿಯಾಕ್ಕೆ ಬಂತು. ದ್ನಿಪ್ರೊ ನದಿಯ ಸುತ್ತಲಿನ ನಾಡು ರಷ್ಯಾದ ಜಾರ್ ಕೈಯಲ್ಲಿತ್ತು. 1876ರಲ್ಲಿ ಜಾರ್ ಉಕ್ರೇನಿಯನ್ ಭಾಷೆಯಲ್ಲಿ ಪುಸ್ತಕ ಅಚ್ಚುಹಾಕುವುದನ್ನು ಹೆಚ್ಚುಕಡಿಮೆ ಪೂರ್ತಿ ನಿಷೇಧಿಸಿದ. ಆಗ ಅಲ್ಲಿನ ಲೇಖಕರು ಹಸ್ತಪ್ರತಿಗಳನ್ನು ಲ್ವಿವ್‌ಗೆ ಕಳಿಸತೊಡಗಿದರು. ಒಂದೇ ಭಾಷೆ, ಇಲ್ಲಿ ಬರೆದು ಗಡಿಯಾಚೆ ಅಚ್ಚು. ಇತಿಹಾಸಕಾರ ಮಿಖೈಲೊ ಹ್ರುಶೆವ್ಸ್ಕಿ ಕೂಡ 1894ರಲ್ಲಿ ಕೀವ್ ಬಿಟ್ಟು ಲ್ವಿವ್‌ನಲ್ಲಿ ಪ್ರೊಫೆಸರ್ ಆದರು. 1917ರಲ್ಲಿ ಕೀವ್‌ನಲ್ಲಿ ಶುರುವಾದ ಉಕ್ರೇನಿನ ಕೇಂದ್ರ ರಾಡಾಕ್ಕೆ, ಅಂದರೆ ಆಡಳಿತ ಸಭೆಗೆ, ಇವರೇ ಮುಖ್ಯಸ್ಥರು. ಈಗ 50 ಹ್ರಿವ್ನಿಯಾ ನೋಟಿನ ಮೇಲೆ ಇವರ ಮುಖ ಇದೆ. ಇವರು ಹುಟ್ಟಿದ ಖೋಲ್ಮ್ ಪಟ್ಟಣ ಇರುವುದು ಪೋಲೆಂಡಿನಲ್ಲಿ.

ಹಾಗಂತ ಲ್ವಿವ್ ಅಪ್ಪಟ ಉಕ್ರೇನಿಯನ್ ಊರಾಗಿತ್ತು ಅಂದುಕೊಳ್ಳಬೇಡಿ. ಆಗ ಆ ಸೀಮೆ ಪೋಲೆಂಡಿನ ಕೈಯಲ್ಲಿತ್ತು; ಪೋಲೆಂಡ್ ನಡೆಸಿದ 1931ರ ಗಣತಿಯ ಹೊತ್ತಿಗೆ ಅಲ್ಲಿ ಸುಮಾರು ಅರ್ಧ ಜನ ಪೋಲರು, ಮೂರನೇ ಒಂದು ಭಾಗದಷ್ಟು ಯಹೂದಿಗಳು. ಉಕ್ರೇನಿಯನ್ನರು ಜಾಸ್ತಿ ಇದ್ದದ್ದು ಸುತ್ತಲಿನ ಹಳ್ಳಿಗಳಲ್ಲಿ. ಇಂಥ ಕಡೆ "ಇದು ಯಾರ ನೆಲ" ಅಂತ ಕೇಳಲು ಹೊರಟವರು ರಕ್ತ ಹರಿಸಿದ್ದಾರೆ. 1943ರಲ್ಲಿ ವೊಲಿನ್‌ನಲ್ಲಿ ಉಕ್ರೇನಿಯನ್ ಬಂಡುಕೋರ ಸೇನೆ ಹತ್ತಾರು ಸಾವಿರ ಪೋಲರನ್ನು ಕೊಂದಿತು. 1947ರಲ್ಲಿ ಪೋಲೆಂಡ್ ಸರ್ಕಾರ 'ವಿಸ್ತುಲಾ ಕಾರ್ಯಾಚರಣೆ' ನಡೆಸಿ ತನ್ನ ಆಗ್ನೇಯ ಮೂಲೆಯ ಉಕ್ರೇನಿಯನ್ನರನ್ನು, ಬೆಟ್ಟದ ಲೆಮ್ಕೊ ಜನರನ್ನು, ಸುಮಾರು 1,40,000 ಮಂದಿಯನ್ನು ಕಿತ್ತು ದೇಶದ ಪಶ್ಚಿಮಕ್ಕೂ ಉತ್ತರಕ್ಕೂ ಚದುರಿಸಿತು.

ಉತ್ತರದ ಜೌಗು ನಾಡು ಪೊಲಿಸ್ಸಿಯಾದ್ದು ಇನ್ನೊಂದು ಕಥೆ. ಅದೇ 1931ರ ಗಣತಿಯಲ್ಲಿ ಅಲ್ಲಿನ ಸುಮಾರು 7 ಲಕ್ಷ ಜನರ ಭಾಷೆ 'ಇಲ್ಲಿಯದು' ಅಂತ ದಾಖಲಾಯಿತು. ಪೋಲಿಷ್ ಅಲ್ಲ, ಉಕ್ರೇನಿಯನ್ ಅಲ್ಲ, ಬೆಲರೂಸಿಯನ್ ಅಲ್ಲ. ಪೋಲೆಂಡ್ ಸರ್ಕಾರಕ್ಕೂ ಹಾಗೆ ಬರೆದುಕೊಳ್ಳುವುದು ಅನುಕೂಲವೇ ಆಗಿತ್ತು ಅನ್ನಿ.

ಈಗ ಕುಬಾನ್. 1775ರಲ್ಲಿ ರಾಣಿ ಕ್ಯಾಥರೀನ್ ದ್ನಿಪ್ರೊ ದಂಡೆಯ ಝಪೋರಿಝಿಯಾ ಕೊಸಾಕರ (ಸೈನಿಕ ಪಂಗಡದವರ) ಕೋಟೆಯನ್ನು ಕೆಡವಿಸಿದಳು. ಆಮೇಲೆ ತುರ್ಕಿಯ ಮೇಲಿನ ಯುದ್ಧಕ್ಕೆ ಅದೇ ಕೊಸಾಕರು ಬೇಕಾದರು. ಗೆದ್ದ ಮೇಲೆ, 1792ರಲ್ಲಿ, ಕಪ್ಪು ಸಮುದ್ರದ ಪೂರ್ವಕ್ಕೆ ಕುಬಾನ್ ನದಿಯ ದಂಡೆ ಕೊಟ್ಟು ಅಲ್ಲಿಗೆ ಕಳಿಸಿದಳು. ಅವರ ಮಾತು, ಹಾಡು, ಅಡುಗೆ ಎಲ್ಲ ಜೊತೆಗೇ ಹೋಯಿತು. ಆದರೆ ಅಲ್ಲೂ ಮೊದಲೇ ಜನ ಇದ್ದರು. ನದಿಯಾಚೆಯ ಸರ್ಕೇಶಿಯನ್ನರನ್ನು ರಷ್ಯಾ 1864ರ ಹೊತ್ತಿಗೆ ಬಡಿದು ಓಡಿಸಿತು. ಆ ಯುದ್ಧದಲ್ಲಿ ಕುಬಾನ್ ಕೊಸಾಕರೂ ಇದ್ದರು.

1926ರ ಗಣತಿಯಲ್ಲಿ ಕುಬಾನ್ ವಿಭಾಗದ ಅರ್ಧಕ್ಕಿಂತ ಜಾಸ್ತಿ ಜನ ಉಕ್ರೇನಿಯನ್ನರು ಅಂತ ದಾಖಲಾಯಿತು. ಉಕ್ರೇನಿಯನ್ ಶಾಲೆ, ಪತ್ರಿಕೆ ಎಲ್ಲ ಇದ್ದವು. 1932ರ ಡಿಸೆಂಬರ್‌ನಲ್ಲಿ ಮಾಸ್ಕೋದಿಂದ ಆದೇಶ ಬಂತು: ಎಲ್ಲವನ್ನೂ ರಷ್ಯನ್‌ಗೆ ಬದಲಾಯಿಸಿ. ಪೊಲ್ತಾವ್‌ಸ್ಕಯಾ ಎಂಬ ದೊಡ್ಡ ಕೊಸಾಕ್ ಹಳ್ಳಿಯ ಜನರನ್ನು ಗಡೀಪಾರು ಮಾಡಿ, ಆ ಊರಿಗೆ ಕೆಂಪು ಸೇನೆಯ ಹೆಸರಿಟ್ಟರು. ಜೊತೆಗೆ ಬರಗಾಲ. 1939ರ ಗಣತಿಯಲ್ಲಿ ಉಕ್ರೇನಿಯನ್ನರ ಸಂಖ್ಯೆ ಪಾತಾಳಕ್ಕಿಳಿಯಿತು. ಅಷ್ಟೂ ಜನ ಸತ್ತಿರಲಿಲ್ಲ, ಎಷ್ಟೋ ಮಂದಿ 'ರಷ್ಯನ್' ಅಂತ ಬರೆಸಿಕೊಂಡರು. ಬರೆಸದಿದ್ದರೆ ಏನಾಗುತ್ತದೆ ಅಂತ ನೋಡಿದ್ದರಲ್ಲ.

2024ರ ಜನವರಿ 22ರಂದು ಉಕ್ರೇನಿನ ಅಧ್ಯಕ್ಷ ಝೆಲೆನ್‌ಸ್ಕಿ ಒಂದು ಆದೇಶಕ್ಕೆ ಸಹಿ ಹಾಕಿದರು. 1919ರಲ್ಲಿ ಗಲಿಷಿಯಾದ ಕಡೆಯ ಉಕ್ರೇನ್ ಮತ್ತು ಕೀವ್‌ನ ಉಕ್ರೇನ್ ಒಂದಾದೆವು ಎಂದು ಸಾರಿದ್ದು ಇದೇ ದಿನ. ರಷ್ಯಾದೊಳಗಿನ ಕುಬಾನ್, ಬೆಲ್ಗೊರೊಡ್, ಕುರ್ಸ್ಕ್, ವೊರೊನೆಝ್, ಬ್ರಿಯಾನ್ಸ್ಕ್, ರೊಸ್ತೊವ್ ಕಡೆಯವನ್ನು 'ಚರಿತ್ರೆಯಲ್ಲಿ ಉಕ್ರೇನಿಯನ್ನರು ನೆಲೆಸಿದ್ದ ಪ್ರದೇಶ' ಅಂತ ಆ ಆದೇಶ ಕರೆಯಿತು. "ನೋಡಿ, ಇವರಿಗೂ ಭೂಮಿಯ ಆಸೆ" ಅಂದವರುಂಟು. ಆದೇಶದಲ್ಲಿ ಇದ್ದದ್ದು ಅಲ್ಲಿನ ಉಕ್ರೇನಿಯನ್ನರ ಗುರುತು ಉಳಿಸುವ, ಅವರಿಗಾದದ್ದನ್ನು ದಾಖಲಿಸುವ ಮಾತು. ನೆಲ ಬೇಕು ಅನ್ನುವ ಮಾತಿಲ್ಲ. ಯುದ್ಧದ ನಡುವೆ ಇಂಥ ಆದೇಶದಲ್ಲಿ ರಾಜಕೀಯ ಇಲ್ಲ ಅಂತ ನಾನು ಹೇಳಲಾರೆ. ಆದರೆ ಇದೂ ರಷ್ಯಾ ಮಾಡಿದ್ದೂ ಒಂದೇ ಅಲ್ಲ. ರಷ್ಯಾ 2014ರಿಂದ ಉಕ್ರೇನಿನ ದಕ್ಷಿಣ, ಪೂರ್ವ ಸೀಮೆಗೆ ಇಟ್ಟಿದ್ದ 'ನೊವೊರೊಸ್ಸಿಯಾ' (ಹೊಸ ರಷ್ಯಾ) ಎಂಬ 18ನೇ ಶತಮಾನದ ಹೆಸರನ್ನು ಹೊರತೆಗೆದು, ಅದನ್ನು ತೋರಿಸಿ ನೆಲವನ್ನೇ ಕೇಳಿತು. ಆ ಹೆಸರಿನ ಸೀಮೆಯಲ್ಲೂ 1897ರ ಗಣತಿಯಂತೆ ಕತೆರಿನೊಸ್ಲಾವ್, ಖೆರ್ಸೊನ್ ಪ್ರಾಂತ್ಯಗಳಲ್ಲಿ ಅರ್ಧಕ್ಕಿಂತ ಹೆಚ್ಚು ಜನರ ಮಾತು ಉಕ್ರೇನಿಯನ್.

ಉಕ್ರೇನ್ ಎಲ್ಲಿಯವರೆಗೆ ಅಂದಿರಲ್ಲ, ಅದಕ್ಕೆ ನನ್ನ ಉತ್ತರ 1991ರ ಗಡಿ. ಆ ವರ್ಷದ ಡಿಸೆಂಬರ್ 1ರಂದು ಮತ ಹಾಕಿದವರಲ್ಲಿ ಶೇ. 90ಕ್ಕಿಂತ ಹೆಚ್ಚು ಜನ ಸ್ವಾತಂತ್ರ್ಯಕ್ಕೆ ಹೂಂ ಅಂದರು. ಕ್ರಿಮಿಯಾದಲ್ಲಿ ಶೇ. 54. ಉಕ್ರೇನಿಯನ್ನರು ಎಲ್ಲೆಲ್ಲಿ ನೆಲೆಸಿದ್ದರು ಅನ್ನುವುದು ಬೇರೆ ಪ್ರಶ್ನೆ. ಅದಕ್ಕೆ ಲೆಕ್ಕ ಹಾಕಿದರೆ ಪೆಸಿಫಿಕ್ ಅಂಚಿನ 'ಹಸಿರು ಉಕ್ರೇನ್' ಕೂಡ ಬರುತ್ತದೆ. 1883ರಿಂದ ಒಡೆಸ್ಸಾದಲ್ಲಿ ಹಡಗು ಹತ್ತಿ, ಸೂಯೆಜ್ ದಾಟಿ, ನಮ್ಮ ಹಿಂದೂ ಮಹಾಸಾಗರದಲ್ಲೇ ಹಾಯ್ದು ರೈತರು ವ್ಲಾದಿವೊಸ್ತೊಕ್ ಕಡೆ ಹೋದರು.

ಇನ್ನು ನಕ್ಷೆ. ಮುಂದಿನ ಸಂಚಿಕೆಯಲ್ಲಿ ಕೊಡುತ್ತೇವೆ. ಇವತ್ತಿನ ದೇಶಗಳ ಗಡಿ ಇರುತ್ತದೆ. ಗಲಿಷಿಯಾ, ಬುಕೊವಿನಾ, ಪೊಲಿಸ್ಸಿಯಾ, ಸ್ಲೊಬೊಡ, ಖೋಲ್ಮ್, ಕುಬಾನ್ ಹೆಸರುಗಳನ್ನು ಆಯಾ ಜಾಗದಲ್ಲಿ ಓರೆ ಅಕ್ಷರದಲ್ಲಿ ಹಾಕಿಸುತ್ತೇವೆ. ಸುತ್ತ ಗೆರೆ ಮಾತ್ರ ಎಳೆಸುವುದಿಲ್ಲ.